ಕೃತಕ ಬುದ್ಧಿಮತ್ತೆಯ ಕೃಷಿ ಸಲಹೆಯಲ್ಲಿ ಗ್ರಾಫ್ ದತ್ತಸಂಚಯದ ಪಾತ್ರ: ತೊಗರಿಯ ಗೊಡ್ಡು ರೋಗದ ನಿದರ್ಶನ

ಬೆಳೆಗೆ ರೋಗ ಅಥವಾ ಕೀಟದ ಬಾಧೆ ಕಂಡಾಗ ಮೊಬೈಲ್ ಫೋನಿನಲ್ಲಿಯೇ ಪ್ರಶ್ನೆ ಕೇಳಿ ಪರಿಹಾರ ಪಡೆಯುವ ಪದ್ಧತಿ ರೈತರಲ್ಲಿ ಬೆಳೆಯುತ್ತಿದೆ. 2004ರ ಜನವರಿಯಲ್ಲಿ ಆರಂಭವಾದ ಕಿಸಾನ್ ಕಾಲ್ ಸೆಂಟರ್ ಈ ಸೇವೆಯನ್ನು ದೂರವಾಣಿಯ ಮೂಲಕ ಒದಗಿಸುತ್ತಾ ಬಂದಿದೆ. ಈಗ ಅದರ ಜೊತೆಗೆ, ಕನ್ನಡದಲ್ಲಿ ಬರೆದ ಅಥವಾ ಮಾತನಾಡಿದ ಪ್ರಶ್ನೆಗೆ ಕ್ಷಣಾರ್ಧದಲ್ಲಿ ಉತ್ತರಿಸುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳೂ ಬಂದಿವೆ. ಅವುಗಳ ಉತ್ತರ ನಿರರ್ಗಳವಾಗಿರುತ್ತದೆ, ಧೈರ್ಯದಿಂದ ಕೂಡಿರುತ್ತದೆ. ಆದರೆ ಭಾಷೆ ಸರಿಯಿದ್ದ ಮಾತ್ರಕ್ಕೆ ಸಲಹೆ ಸರಿಯಿರಬೇಕೆಂದೇನೂ ಇಲ್ಲ. ಸಲಹೆ ತಪ್ಪಿದಲ್ಲಿ ಸಿಂಪರಣೆಯ ಖರ್ಚು, ಕೂಲಿ, ಕೆಲವೊಮ್ಮೆ ಇಡೀ ಹಂಗಾಮಿನ ಫಸಲು ನಿಮ್ಮ ಕೈ ತಪ್ಪುತ್ತದೆ.

ಇಂತಹ ತಪ್ಪುಗಳನ್ನು ಕಡಿಮೆ ಮಾಡಲು ಅನುಸರಿಸುತ್ತಿರುವ ಮಾರ್ಗಗಳಲ್ಲಿ ಗ್ರಾಫ್ ದತ್ತಸಂಚಯ, ಅಂದರೆ ಗ್ರಾಫ್ ಡೇಟಾಬೇಸ್, ಮುಖ್ಯವಾದುದು. ಅದು ಏನು, ಯಂತ್ರದ ತರ್ಕಕ್ಕೆ ಹೇಗೆ ನೆರವಾಗುತ್ತದೆ, ಅದರ ಮಿತಿಗಳೇನು ಹಾಗೂ ಅದರಲ್ಲಿ ರೈತರ ಮತ್ತು ವಿಸ್ತರಣಾ ಕಾರ್ಯಕರ್ತರ ಪಾತ್ರವೇನು ಎಂಬುದನ್ನು ತೊಗರಿಯ ಗೊಡ್ಡು ರೋಗವನ್ನು ನಿದರ್ಶನವಾಗಿಟ್ಟುಕೊಂಡು ಈ ಲೇಖನದಲ್ಲಿ ವಿವರಿಸಲಾಗಿದೆ.

ಭಾಷಾ ಮಾದರಿ ಎಡವುವುದೆಲ್ಲಿ?

ಪ್ರಶ್ನೆಗೆ ಉತ್ತರಿಸುವ ಇಂದಿನ ಬಹುತೇಕ ತಂತ್ರಾಂಶಗಳ ಒಳಗೆ ಬೃಹತ್ ಭಾಷಾ ಮಾದರಿ ಇರುತ್ತದೆ. ಅದು ಅಪಾರ ಪ್ರಮಾಣದ ಬರಹವನ್ನು ಓದಿ, ಒಂದು ಪದದ ನಂತರ ಯಾವ ಪದ ಬರುವ ಸಾಧ್ಯತೆ ಹೆಚ್ಚು ಎಂಬುದನ್ನು ಕಲಿತಿರುತ್ತದೆ. ಹೀಗೆ ಕಲಿತ ತಿಳಿವಳಿಕೆ ಬಹಳಷ್ಟು ಸಂದರ್ಭಗಳಲ್ಲಿ ಉಪಯುಕ್ತವೇ ಆಗಿದ್ದರೂ, ಅದು ಯಾವ ಪುಸ್ತಕದಿಂದ, ಯಾವ ವರ್ಷದ ಶಿಫಾರಸಿನಿಂದ ಬಂದಿತು ಎಂಬುದನ್ನು ಮಾದರಿಯು ಬೇರ್ಪಡಿಸಿ ಇಟ್ಟುಕೊಂಡಿರುವುದಿಲ್ಲ. ತಿಳಿಯದ ವಿಷಯವನ್ನು ಕೇಳಿದಾಗಲೂ ಅದು ಸಾಧ್ಯತೆಯ ಆಧಾರದ ಮೇಲೆ ವಾಕ್ಯ ರಚಿಸಿಬಿಡಬಹುದು.

ಈ ಕೊರತೆಯನ್ನು ನೀಗಿಸಲು, ಉತ್ತರಿಸುವ ಮೊದಲು ವಿಶ್ವಾಸಾರ್ಹ ದಾಖಲೆಗಳಲ್ಲಿ ಹುಡುಕಿ, ಸಿಕ್ಕ ಭಾಗಗಳನ್ನು ಮಾದರಿಯ ಮುಂದಿಡುವ ವಿಧಾನ 2020ರಿಂದೀಚೆಗೆ ಬಳಕೆಗೆ ಬಂದಿತು. ಕರಪತ್ರ, ಬೇಸಾಯ ಪದ್ಧತಿಗಳ ಕೈಪಿಡಿ ಮುಂತಾದವನ್ನು ಸಣ್ಣ ಸಣ್ಣ ತುಣುಕುಗಳಾಗಿ ವಿಭಾಗಿಸಿ, ಪ್ರಶ್ನೆಯನ್ನು ಹೋಲುವ ತುಣುಕುಗಳನ್ನು ಆರಿಸಿಕೊಳ್ಳಲಾಗುತ್ತದೆ. "ರಾಗಿಗೆ ಎಕರೆಗೆ ಎಷ್ಟು ಬಿತ್ತನೆ ಬೀಜ ಬೇಕು?" ಎಂಬಂತಹ ಪ್ರಶ್ನೆಗೆ ಇಷ್ಟು ಸಾಕು, ಉತ್ತರ ಒಂದೇ ಸಾಲಿನಲ್ಲಿರುತ್ತದೆ.

ಆದರೆ ಹೊಲದಲ್ಲಿ ಹುಟ್ಟುವ ಪ್ರಶ್ನೆಗಳು ಹಾಗಿರುವುದಿಲ್ಲ. ಈ ಪ್ರಶ್ನೆಯನ್ನು ಗಮನಿಸಿ: "ನನ್ನ ತೊಗರಿ ಗಿಡಗಳು ಪೊದೆಯಂತೆ ಬೆಳೆದಿವೆ, ಎಲೆ ಸಣ್ಣದಾಗಿ ತಿಳಿ ಹಸಿರಿಗೆ ತಿರುಗಿವೆ, ಹೂ ಬಿಟ್ಟಿಲ್ಲ. ಪಕ್ಕದ ಬದುವಿನಲ್ಲಿ ಕಳೆದ ವರ್ಷದ ಕೂಳೆ ತೊಗರಿ ಇದೆ. ಏನು ಸಿಂಪಡಿಸಲಿ?" ಇದಕ್ಕೆ ಬೇಕಾದ ಸಂಗತಿಗಳು ಒಂದೇ ಕಡೆ ಇರುವುದಿಲ್ಲ. ರೋಗದ ಲಕ್ಷಣ ಒಂದು ಕರಪತ್ರದಲ್ಲಿ, ರೋಗ ಹರಡುವ ಬಗೆ ಸಸ್ಯರೋಗಶಾಸ್ತ್ರದ ಪುಸ್ತಕದಲ್ಲಿ, ಔಷಧಿಯ ಹೆಸರು ಹಳೆಯ ಕೈಪಿಡಿಯಲ್ಲಿ, ಆ ಔಷಧಿಯ ಇಂದಿನ ಕಾನೂನು ಸ್ಥಿತಿ ಸರ್ಕಾರದ ಆದೇಶದಲ್ಲಿ ಇರುತ್ತದೆ. ಪ್ರಶ್ನೆಯಲ್ಲಿ ನುಸಿಯ ಹೆಸರಿಲ್ಲ. ಸರ್ಕಾರದ ಆದೇಶದಲ್ಲಿ ತೊಗರಿಯ ಲಕ್ಷಣಗಳ ವಿವರವಿಲ್ಲ. ಪದಗಳ ಹೋಲಿಕೆಯನ್ನಷ್ಟೇ ನೋಡುವ ಹುಡುಕಾಟಕ್ಕೆ ಈ ಎರಡಕ್ಕೂ ಸಂಬಂಧವಿದೆ ಎಂದು ತಿಳಿಯುವ ದಾರಿಯೇ ಇಲ್ಲ. ಗ್ರಾಫ್ ದತ್ತಸಂಚಯ ಈ ದಾರಿಯನ್ನು ಒದಗಿಸುತ್ತದೆ.

ಪಹಣಿ ಮತ್ತು ವಂಶವೃಕ್ಷ: ಎರಡು ಬಗೆಯ ದಾಖಲೆ

ಗಣಕಯಂತ್ರದಲ್ಲಿ ಮಾಹಿತಿಯನ್ನು ಸಾಮಾನ್ಯವಾಗಿ ಕೋಷ್ಟಕಗಳಲ್ಲಿ ಇಡಲಾಗುತ್ತದೆ. ನಿಮ್ಮ ಪಹಣಿ ಇದಕ್ಕೆ ಉತ್ತಮ ಉದಾಹರಣೆ. ಸರ್ವೆ ನಂಬರ್, ವಿಸ್ತೀರ್ಣ, ಖಾತೆದಾರರ ಹೆಸರು, ಮಣ್ಣಿನ ವಿಧ, ಬೆಳೆಯ ವಿವರ ಹೀಗೆ ಪ್ರತಿಯೊಂದಕ್ಕೂ ಒಂದೊಂದು ಅಂಕಣವಿರುತ್ತದೆ. "ಈ ಸರ್ವೆ ನಂಬರಿನ ವಿಸ್ತೀರ್ಣ ಎಷ್ಟು?" ಎಂಬ ಪ್ರಶ್ನೆಗೆ ಪಹಣಿ ತಕ್ಷಣ ಉತ್ತರ ನೀಡುತ್ತದೆ.

ಆದರೆ ಖಾತೆದಾರರು ತೀರಿಕೊಂಡು, ಪೌತಿ ಖಾತೆ ಮಾಡಿಸುವ ಸಂದರ್ಭ ಬಂದಾಗ ಪಹಣಿಯೊಂದೇ ಸಾಲದು. ಆಗ ವಂಶವೃಕ್ಷ ಬೇಕಾಗುತ್ತದೆ. ಅಲ್ಲಿ ವ್ಯಕ್ತಿಯ ಹೆಸರಿಗಿಂತಲೂ ಹೆಸರುಗಳ ನಡುವಿನ ಗೆರೆ ಮುಖ್ಯ. ಯಾರು ಯಾರ ಮಗ, ಯಾರು ಯಾರ ಪತ್ನಿ ಎಂಬ ಗೆರೆಗಳನ್ನು ಅನುಸರಿಸಿದಾಗ ವಾರಸುದಾರರು ಯಾರು ಎಂಬುದು ತಿಳಿಯುತ್ತದೆ. ಈ ಉತ್ತರ ಯಾವುದೇ ಒಂದು ಅಂಕಣದಲ್ಲಿ ಬರೆದಿರುವುದಿಲ್ಲ. ಸಂಬಂಧಗಳನ್ನು ದಾಟುತ್ತಾ ಹೋದಾಗ ಸಿಗುತ್ತದೆ.

ಗ್ರಾಫ್ ದತ್ತಸಂಚಯವು ಇದೇ ಬಗೆಯ ದಾಖಲೆ. ಅದರಲ್ಲಿ ಮೂರು ಅಂಗಗಳಿವೆ:

1. ಬಿಂದು: ಬೆಳೆ, ತಳಿ, ರೋಗ, ಕೀಟ, ಔಷಧಿ, ಮಣ್ಣು, ಊರು ಮುಂತಾದ ಪ್ರತಿಯೊಂದು ವಸ್ತು ಅಥವಾ ವಿಷಯ.
2. ಕೊಂಡಿ: ಎರಡು ಬಿಂದುಗಳ ನಡುವಿನ ಸಂಬಂಧ. ಪ್ರತಿ ಕೊಂಡಿಗೂ "ಹರಡುತ್ತದೆ", "ನಿರೋಧಕವಾಗಿದೆ", "ಆಶ್ರಯ ನೀಡುತ್ತದೆ" ಎಂಬಂತೆ ಹೆಸರಿರುತ್ತದೆ ಮತ್ತು ದಿಕ್ಕಿರುತ್ತದೆ. ನುಸಿ ರೋಗವನ್ನು ಹರಡುತ್ತದೆ. ರೋಗ ನುಸಿಯನ್ನು ಹರಡುವುದಿಲ್ಲ.
3. ಗುಣ: ಬಿಂದು ಅಥವಾ ಕೊಂಡಿಗೆ ಅಂಟಿಸಿದ ವಿವರ. ಉದಾಹರಣೆಗೆ ಶಿಫಾರಸಿನ ವರ್ಷ, ಮೂಲ, ಅನ್ವಯವಾಗುವ ಕೃಷಿ ವಲಯ, ಬೆಳೆಯ ಹಂತ.

ಬಿಂದು ಮತ್ತು ಗೆರೆಗಳ ಈ ಗಣಿತ ಹೊಸದಲ್ಲ. ಯೂರೋಪಿನ ಕೋನಿಗ್ಸ್‌ಬರ್ಗ್ ನಗರದ ಏಳು ಸೇತುವೆಗಳನ್ನು ತಲಾ ಒಂದೇ ಬಾರಿ ದಾಟಿ ಬರಲು ಸಾಧ್ಯವೇ ಎಂಬ ಪ್ರಶ್ನೆಯನ್ನು ಗಣಿತಜ್ಞ ಲಿಯೊನಾರ್ಡ್ ಆಯ್ಲರ್ 1736ರಲ್ಲಿ ಬಿಡಿಸಿದಾಗ ಇದಕ್ಕೆ ಬುನಾದಿ ಬಿದ್ದಿತು. ಗಣಕಯಂತ್ರದಲ್ಲಿ ಇದರ ಬಳಕೆ ವ್ಯಾಪಕವಾದದ್ದು ಇತ್ತೀಚೆಗೆ. ಗೂಗಲ್ ಸಂಸ್ಥೆ 2012ರಲ್ಲಿ ತನ್ನ ಹುಡುಕಾಟಕ್ಕೆ "ನಾಲೆಡ್ಜ್ ಗ್ರಾಫ್", ಅಂದರೆ ಜ್ಞಾನ ಜಾಲವನ್ನು ಅಳವಡಿಸಿತು. ನಿಯೋ4ಜೆ ಮುಂತಾದ ಗ್ರಾಫ್ ದತ್ತಸಂಚಯಗಳು ಪ್ರಚಲಿತದಲ್ಲಿವೆ. ಇವುಗಳನ್ನು ಪ್ರಶ್ನಿಸುವ ಭಾಷೆಗೆ 2024ರಲ್ಲಿ ಅಂತರರಾಷ್ಟ್ರೀಯ ಮಾನಕವೂ ದೊರೆತಿದೆ.

ನಿದರ್ಶನ: ತೊಗರಿಯ ಗೊಡ್ಡು ರೋಗ

ಗೊಡ್ಡು ರೋಗ ತಗುಲಿದ ತೊಗರಿ ಗಿಡ ಸಾಯುವುದಿಲ್ಲ. ಹಸಿರಾಗಿಯೇ ನಿಂತು ಹೂ, ಕಾಯಿ ಬಿಡದೆ ಗೊಡ್ಡಾಗುತ್ತದೆ. ಎಲೆಗಳು ಚಿಕ್ಕದಾಗಿ, ಅವುಗಳ ಮೇಲೆ ತಿಳಿ ಮತ್ತು ಗಾಢ ಹಸಿರಿನ ಮಚ್ಚೆಗಳು ಕಾಣುತ್ತವೆ. ಬಿತ್ತನೆಯಾದ ಸುಮಾರು 45 ದಿನಗಳೊಳಗೆ ಸೋಂಕು ತಗುಲಿದಲ್ಲಿ ಆ ಗಿಡಗಳ ಇಳುವರಿ ಬಹುತೇಕ ಪೂರ್ಣವಾಗಿ ನಷ್ಟವಾಗುತ್ತದೆ.

ಈ ರೋಗದ ತಿಳಿವಳಿಕೆ ಒಂದೇ ದಿನದಲ್ಲಿ ಬಂದದ್ದಲ್ಲ. 1931ರಲ್ಲಿ ಬಿಹಾರದ ಪೂಸಾದಿಂದ ಇದು ಮೊದಲು ವರದಿಯಾಯಿತು. ಎರಿಯೋಫಿಡ್ ಜಾತಿಯ ನುಸಿ ಇದನ್ನು ಹರಡುತ್ತದೆ ಎಂಬುದು ಖಚಿತವಾದದ್ದು 1960ರ ದಶಕದಲ್ಲಿ. ರೋಗಕ್ಕೆ ಕಾರಣವಾದ ನಂಜಾಣುವನ್ನು ಪಟಾನ್‌ಚೆರುವಿನ ಇಕ್ರಿಸ್ಯಾಟ್ ವಿಜ್ಞಾನಿಗಳು ಮತ್ತು ಅವರ ಸಹಯೋಗಿಗಳು ಗುರುತಿಸುವ ಹೊತ್ತಿಗೆ 2000ನೇ ಇಸವಿ ಬಂದಿತ್ತು. ಲಕ್ಷಣ, ವಾಹಕ, ಕಾರಣ ಎಂಬ ಮೂರು ಕೊಂಡಿಗಳು ಜೋಡಣೆಯಾಗಲು ಸುಮಾರು ಎಪ್ಪತ್ತು ವರ್ಷ ಹಿಡಿಯಿತು. ಆ ನಡುವಿನ ಪ್ರತಿಯೊಂದು ಅವಧಿಯ ಬರಹವೂ ಗ್ರಂಥಾಲಯಗಳಲ್ಲಿ, ಅಂತರಜಾಲದಲ್ಲಿ ಉಳಿದಿದೆ. ಭಾಷಾ ಮಾದರಿ ಅವೆಲ್ಲವನ್ನೂ ಒಟ್ಟಿಗೆ ಓದಿರುವ ಸಾಧ್ಯತೆ ಇದೆ.

ಇದೇ ತಿಳಿವಳಿಕೆಯನ್ನು ಜ್ಞಾನ ಜಾಲದಲ್ಲಿ ಹೀಗೆ ಬರೆಯಬಹುದು:

• ಪೊದೆಯಂತಹ ಬೆಳವಣಿಗೆ, ಮಚ್ಚೆಯುಳ್ಳ ಸಣ್ಣ ಎಲೆ, ಹೂ ಬಿಡದಿರುವುದು → ಲಕ್ಷಣಗಳು → ಗೊಡ್ಡು ರೋಗ
• ನಂಜಾಣು → ಉಂಟುಮಾಡುತ್ತದೆ → ಗೊಡ್ಡು ರೋಗ
• ಎರಿಯೋಫಿಡ್ ನುಸಿ → ಹರಡುತ್ತದೆ → ನಂಜಾಣು
• ಗಾಳಿ → ಹೊತ್ತೊಯ್ಯುತ್ತದೆ → ಎರಿಯೋಫಿಡ್ ನುಸಿ
• ಕೂಳೆ ತೊಗರಿ, ಬಹುವಾರ್ಷಿಕ ತೊಗರಿ → ಆಶ್ರಯ ನೀಡುತ್ತವೆ → ನುಸಿ ಮತ್ತು ನಂಜಾಣು
• ಬಿ.ಎಸ್.ಎಂ.ಆರ್-736 ತಳಿ → ನಿರೋಧಕವಾಗಿದೆ → ಗೊಡ್ಡು ರೋಗ
• ಡೈಕೋಫಾಲ್ → ಗುಂಪು → ನುಸಿನಾಶಕ
• ಡೈಕೋಫಾಲ್ → ಸ್ಥಿತಿ → ನಿಷೇಧಿತ (ಕೇಂದ್ರ ಸರ್ಕಾರದ ಆದೇಶ, 2023)

ಈಗ ರೈತರ ಪ್ರಶ್ನೆಗೆ ಮರಳೋಣ. ಯಂತ್ರವು ಲಕ್ಷಣಗಳಿಂದ ಆರಂಭಿಸಿ ರೋಗಕ್ಕೆ, ರೋಗದಿಂದ ನಂಜಾಣುವಿಗೆ, ನಂಜಾಣುವಿನಿಂದ ನುಸಿಗೆ, ನುಸಿಯಿಂದ ಕೂಳೆ ತೊಗರಿಗೆ ಕೊಂಡಿ ಕೊಂಡಿಯಾಗಿ ಸಾಗಬಲ್ಲದು. ಈ ನಡಿಗೆಯಲ್ಲಿ ನಾಲ್ಕು ತೀರ್ಮಾನಗಳು ತಾವಾಗಿಯೇ ಹೊರಬರುತ್ತವೆ.

ಮೊದಲನೆಯದು, ಕಾರಣ ನಂಜಾಣುವಾದ್ದರಿಂದ ಶಿಲೀಂಧ್ರನಾಶಕ ಸಿಂಪಡಿಸಿ ಪ್ರಯೋಜನವಿಲ್ಲ. ಎರಡನೆಯದು, ವಾಹಕ ನುಸಿಯೇ ಹೊರತು ಕಾಯಿಕೊರಕದಂತಹ ಹುಳುವಲ್ಲ. ಆದ್ದರಿಂದ ಕಾಯಿಕೊರಕಕ್ಕೆಂದು ತಂದಿಟ್ಟ ಕೀಟನಾಶಕವನ್ನು ಇದಕ್ಕೆ ಬಳಸುವುದು ವ್ಯರ್ಥ ಖರ್ಚು. ಮೂರನೆಯದು, ಬದುವಿನಲ್ಲಿರುವ ಕೂಳೆ ತೊಗರಿಯೇ ರೋಗದ ಮೂಲವಾಗಿರುವ ಸಂಭವವಿರುವುದರಿಂದ ಅದನ್ನು ಕಿತ್ತು ನಾಶಪಡಿಸಬೇಕು. ನಾಲ್ಕನೆಯದು, ಹಳೆಯ ಕೈಪಿಡಿಗಳಲ್ಲಿ ನುಸಿಗೆ ಹೇಳಿರುವ ಡೈಕೋಫಾಲ್ ಅನ್ನು ಇಂದು ಶಿಫಾರಸು ಮಾಡುವಂತಿಲ್ಲ.

ನಾಲ್ಕನೆಯ ಅಂಶ ವಿಶೇಷ ಗಮನಕ್ಕೆ ಅರ್ಹ. ಡೈಕೋಫಾಲ್ ರಾಸಾಯನಿಕವನ್ನು 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಅಡಿಯಲ್ಲಿ ನಿರ್ಮೂಲನ ಮಾಡಬೇಕಾದ ಪದಾರ್ಥಗಳ ಪಟ್ಟಿಗೆ ಸೇರಿಸಲಾಯಿತು. ಭಾರತದಲ್ಲಿ 2023ರ ಆದೇಶದ ಮೂಲಕ ಡೈಕೋಫಾಲ್, ಡಿನೋಕ್ಯಾಪ್ ಮತ್ತು ಮೆಥೊಮಿಲ್ ಕೀಟನಾಶಕಗಳನ್ನು ನಿಷೇಧಿಸಲಾಗಿದೆ. ಆದರೆ ಅದಕ್ಕಿಂತ ಹಿಂದೆ ಮುದ್ರಣವಾದ ಕರಪತ್ರಗಳ ಸಂಖ್ಯೆ ಅಪಾರ. ಪದಗಳ ಹೋಲಿಕೆಯಿಂದ ಹುಡುಕುವ ಯಂತ್ರಕ್ಕೆ "ತೊಗರಿ, ನುಸಿ, ಸಿಂಪರಣೆ" ಎಂಬ ಪದಗಳಿರುವ ಹಳೆಯ ಸಾಲೇ ಅತ್ಯಂತ ಹತ್ತಿರದ ಉತ್ತರವಾಗಿ ಕಾಣುತ್ತದೆ. ಜಾಲದಲ್ಲಾದರೆ ಔಷಧಿಯ ಬಿಂದುವನ್ನು ತಲುಪಿದೊಡನೆ ಅದರ ಸ್ಥಿತಿಯ ಕೊಂಡಿಯೂ ಕಣ್ಣಿಗೆ ಬೀಳುತ್ತದೆ. "ನಿಷೇಧಿತ ಎಂದಿರುವ ಯಾವುದನ್ನೂ ಸಲಹೆಯಲ್ಲಿ ಸೇರಿಸಬೇಡ" ಎಂಬ ಒಂದೇ ನಿಯಮವನ್ನು ಅಳವಡಿಸಿದರೆ ಸಾವಿರಾರು ಹಳೆಯ ಸಾಲುಗಳನ್ನು ಒಂದೊಂದಾಗಿ ತಿದ್ದುವ ಅಗತ್ಯ ಬೀಳುವುದಿಲ್ಲ.

ಜ್ಞಾನ ಜಾಲದಿಂದ ತರ್ಕಕ್ಕೆ ದೊರೆಯುವ ಇತರ ಅನುಕೂಲಗಳು

1. ಹೆಸರುಗಳ ಗೊಂದಲ ನಿವಾರಣೆ

ಉತ್ತರ ಕರ್ನಾಟಕದಲ್ಲಿ "ಜೋಳ" ಎಂದರೆ ರೊಟ್ಟಿಯ ಜೋಳ. ಹಳೆ ಮೈಸೂರು ಭಾಗದ ಅನೇಕ ಕಡೆ ಅದೇ ಮಾತು ಮುಸುಕಿನ ಜೋಳವನ್ನು ಸೂಚಿಸುತ್ತದೆ. ಅದನ್ನೇ ಉತ್ತರದಲ್ಲಿ ಗೋವಿನ ಜೋಳ, ಮೆಕ್ಕೆಜೋಳ ಎನ್ನುತ್ತಾರೆ. ಶೇಂಗಾ, ಕಡಲೆಕಾಯಿ, ನೆಲಗಡಲೆ ಈ ಮೂರೂ ಒಂದೇ ಬೆಳೆ. ಆದರೆ ಕಡಲೆ ಬೇರೆ ಬೆಳೆ. ತೊಗರಿಯ ಸೊರಗು ರೋಗವನ್ನು ಕಲಬುರಗಿ ಭಾಗದಲ್ಲಿ ನೆಟೆ ರೋಗ ಎಂದು ಕರೆಯುವುದು ರೂಢಿ. ಜಾಲದಲ್ಲಿ ಬೆಳೆಗೆ ಒಂದೇ ಬಿಂದುವಿದ್ದು, ಎಲ್ಲ ಸ್ಥಳೀಯ ಹೆಸರುಗಳೂ "ಇನ್ನೊಂದು ಹೆಸರು" ಎಂಬ ಕೊಂಡಿಯಿಂದ ಅದಕ್ಕೆ ಸೇರಿರುತ್ತವೆ. ಆ ಹೆಸರು ಯಾವ ಜಿಲ್ಲೆಯಲ್ಲಿ ಬಳಕೆಯಲ್ಲಿದೆ ಎಂಬುದನ್ನೂ ದಾಖಲಿಸಬಹುದು. ಪ್ರಶ್ನೆ ವಿಜಯಪುರದಿಂದ ಬಂದಿದೆಯೋ ಮಂಡ್ಯದಿಂದ ಬಂದಿದೆಯೋ ಎಂಬುದನ್ನು ನೋಡಿ "ಜೋಳ" ಎಂದರೆ ಯಾವ ಬೆಳೆ ಎಂದು ಯಂತ್ರ ತೀರ್ಮಾನಿಸಬಹುದು ಅಥವಾ ನಿಮ್ಮನ್ನೇ ಕೇಳಬಹುದು.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 1980ರ ದಶಕದ ಆರಂಭದಿಂದ ರೂಪಿಸುತ್ತಾ ಬಂದಿರುವ ಅಗ್ರೊವಾಕ್ ಎಂಬ ಬಹುಭಾಷಾ ಕೃಷಿ ಪದಸಂಪತ್ತು ಇದೇ ತತ್ವದ ಮೇಲೆ ನಿಂತಿದೆ. ಅದರಲ್ಲಿ 40,000ಕ್ಕೂ ಹೆಚ್ಚು ಪರಿಕಲ್ಪನೆಗಳಿದ್ದು, ಪ್ರತಿಯೊಂದಕ್ಕೂ ಬೇರೆ ಬೇರೆ ಭಾಷೆಗಳ ಹೆಸರುಗಳನ್ನು ಜೋಡಿಸಲಾಗುತ್ತಿದೆ.

2. ಸರಿಯಾದ ಮರುಪ್ರಶ್ನೆ

ಅನುಭವಿ ಕೃಷಿ ಅಧಿಕಾರಿಯ ಬಳಿ "ತೊಗರಿ ಒಣಗುತ್ತಿದೆ" ಎಂದರೆ ಅವರು ತಕ್ಷಣ ಔಷಧಿ ಹೇಳುವುದಿಲ್ಲ. "ಗಿಡ ಕಿತ್ತು ಕಾಂಡ ಸೀಳಿ ನೋಡಿದ್ದೀರಾ? ಒಳಗೆ ಕಂದು ಗೆರೆ ಇದೆಯೇ?" ಎಂದು ಕೇಳುತ್ತಾರೆ. ಕಾಂಡದ ಒಳಗೆ ಕಂದು ಅಥವಾ ಕಪ್ಪು ಗೆರೆ ಇದ್ದು, ಬುಡದಿಂದ ಮೇಲಕ್ಕೆ ನೇರಳೆ ಪಟ್ಟಿ ಕಂಡರೆ ಅದು ಮಣ್ಣಿನಲ್ಲಿರುವ ಫ್ಯುಸೇರಿಯಂ ಶಿಲೀಂಧ್ರದಿಂದ ಬರುವ ನೆಟೆ ರೋಗ. ಅದರ ನಿರ್ವಹಣೆ ಪೂರ್ತಿ ಬೇರೆ: ಟಿ.ಎಸ್-3ಆರ್ ನಂತಹ ನಿರೋಧಕ ತಳಿ, ಬೀಜೋಪಚಾರ, ಜೋಳದೊಂದಿಗೆ ಬೆಳೆ ಪರಿವರ್ತನೆ. ಗೆರೆ ಇಲ್ಲದಿದ್ದರೆ ನೀರಿನ ಕೊರತೆ ಅಥವಾ ಬೇರೆ ಕಾರಣವಿರಬಹುದು.

ಜಾಲದಲ್ಲಿ ಒಂದೇ ಲಕ್ಷಣದಿಂದ ಎರಡು ಮೂರು ರೋಗಗಳಿಗೆ ಕೊಂಡಿ ಹೊರಡುವುದು ಯಂತ್ರಕ್ಕೆ ಸ್ಪಷ್ಟವಾಗಿ ಕಾಣುತ್ತದೆ. ಆ ರೋಗಗಳನ್ನು ಪರಸ್ಪರ ಬೇರ್ಪಡಿಸುವ ಲಕ್ಷಣ ಯಾವುದು ಎಂದು ಹುಡುಕಿ, ಅದನ್ನೇ ನಿಮಗೆ ಮರುಪ್ರಶ್ನೆಯಾಗಿ ಹಾಕಬಹುದು. ಒಳ್ಳೆಯ ಸಲಹಾ ವ್ಯವಸ್ಥೆಯ ಮೊದಲ ಗುರುತು ಇದು.

3. ಹೊಸ ಸಂಗತಿಯ ಸೇರ್ಪಡೆ

ಅಮೆರಿಕ ಖಂಡದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ವರದಿಯಾದದ್ದು 2018ರ ಮೇ ತಿಂಗಳಲ್ಲಿ, ನಮ್ಮ ಶಿವಮೊಗ್ಗದ ಮುಸುಕಿನ ಜೋಳದ ಹೊಲಗಳಲ್ಲಿ. ಅದಕ್ಕಿಂತ ಹಿಂದಿನ ಬರಹವನ್ನು ಮಾತ್ರ ಓದಿದ ಯಾವುದೇ ಯಂತ್ರ, ಸುಳಿ ತಿನ್ನುವ ಹುಳು ಎಂದೊಡನೆ ಹಳೆಯ ಕೀಟಗಳ ಹೆಸರನ್ನೇ ಹೇಳುತ್ತಿತ್ತು. ಭಾಷಾ ಮಾದರಿಯನ್ನು ಮತ್ತೆ ತರಬೇತುಗೊಳಿಸುವುದು ದುಬಾರಿ ಮತ್ತು ನಿಧಾನ. ಜಾಲದಲ್ಲಿ ಒಂದು ಹೊಸ ಬಿಂದು ಸೇರಿಸಿ, ತಲೆಯ ಮೇಲೆ ತಲೆಕೆಳಗಾದ ವೈ ಆಕಾರದ ಗುರುತು, ಹೊಟ್ಟೆಯ ಎಂಟನೇ ಖಂಡದ ಮೇಲೆ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ ಎಂಬ ಗುರುತಿನ ಲಕ್ಷಣಗಳನ್ನೂ, ಮುಸುಕಿನ ಜೋಳ, ಜೋಳ ಮುಂತಾದ ಆಶ್ರಯ ಬೆಳೆಗಳನ್ನೂ ಜೋಡಿಸಿದರೆ ಮರುದಿನದ ಪ್ರಶ್ನೆಗೇ ಅದು ಲಭ್ಯ.

4. ಕಾರಣವನ್ನು ತೋರಿಸುವ ಸಾಮರ್ಥ್ಯ

ಯಂತ್ರವು ಯಾವ ಕೊಂಡಿಗಳ ಮೂಲಕ ತೀರ್ಮಾನಕ್ಕೆ ಬಂದಿತು ಎಂಬುದನ್ನು ಸಾಲಾಗಿ ತೋರಿಸಬಹುದು. "ಕೂಳೆ ತೊಗರಿ ಕೀಳಿ" ಎಂಬ ಬರಿ ಆಜ್ಞೆಗಿಂತ "ನುಸಿ ಅದರಲ್ಲಿ ಬದುಕುಳಿದು ಗಾಳಿಯ ಮೂಲಕ ನಿಮ್ಮ ಹೊಲಕ್ಕೆ ಬರುತ್ತದೆ, ಆದ್ದರಿಂದ ಕೀಳಿ" ಎಂಬ ಮಾತು ನೆರೆಹೊಲದವರನ್ನು ಒಪ್ಪಿಸಲು ನೆರವಾಗುತ್ತದೆ. ಉತ್ತರ ತಪ್ಪಾಗಿದ್ದರೆ ಯಾವ ಕೊಂಡಿಯಲ್ಲಿ ತಪ್ಪಿದೆ ಎಂದು ತಜ್ಞರು ಗುರುತಿಸಿ ಅದನ್ನಷ್ಟೇ ಸರಿಪಡಿಸಬಹುದು.

ಭಾಷಾ ಮಾದರಿ ಮತ್ತು ಜಾಲ ಒಟ್ಟಾಗಿ ಕೆಲಸ ಮಾಡುವ ಬಗೆ

ಜಾಲಕ್ಕೆ ಮಾತು ಬರುವುದಿಲ್ಲ. ಭಾಷಾ ಮಾದರಿಗೆ ಖಚಿತತೆ ಸಾಲದು. ಎರಡನ್ನೂ ಜೋಡಿಸಿದಾಗ ಕೆಲಸ ಹೀಗೆ ಸಾಗುತ್ತದೆ:

1. ರೈತರ ಆಡುಮಾತಿನ ಪ್ರಶ್ನೆಯನ್ನು ಭಾಷಾ ಮಾದರಿ ಓದಿ, ಅದರಲ್ಲಿರುವ ಬೆಳೆ, ಲಕ್ಷಣ, ಸ್ಥಳ, ಬೆಳೆಯ ವಯಸ್ಸನ್ನು ಗುರುತಿಸುತ್ತದೆ.
2. ಅವುಗಳನ್ನು ಜಾಲದ ಬಿಂದುಗಳಿಗೆ ಹೊಂದಿಸಲಾಗುತ್ತದೆ.
3. ಆ ಬಿಂದುಗಳಿಂದ ಎರಡು, ಮೂರು, ನಾಲ್ಕು ಕೊಂಡಿಗಳವರೆಗೆ ಸಾಗಿ ಸಂಬಂಧಪಟ್ಟ ಭಾಗವನ್ನು ಹೊರತೆಗೆಯಲಾಗುತ್ತದೆ.
4. ನಿಷೇಧ, ಬೆಳೆಯ ಹಂತ, ಕೃಷಿ ವಲಯ ಮುಂತಾದ ನಿಯಮಗಳನ್ನು ಅನ್ವಯಿಸಿ ಅನರ್ಹವಾದವನ್ನು ಕೈಬಿಡಲಾಗುತ್ತದೆ.
5. ಉಳಿದ ಸಂಗತಿಗಳನ್ನಷ್ಟೇ ಆಧರಿಸಿ ಭಾಷಾ ಮಾದರಿ ಸರಳ ಕನ್ನಡದಲ್ಲಿ ಉತ್ತರ ಬರೆಯುತ್ತದೆ. ಮೂಲವನ್ನೂ ವರ್ಷವನ್ನೂ ಜೊತೆಗೆ ನೀಡುತ್ತದೆ.

ದೊಡ್ಡ ದಾಖಲೆ ಸಂಗ್ರಹದಿಂದ ಭಾಷಾ ಮಾದರಿಯ ನೆರವಿನಿಂದಲೇ ಜಾಲವನ್ನು ಕಟ್ಟಿ, ಅದರ ಆಧಾರದ ಮೇಲೆ ಉತ್ತರ ಪಡೆಯುವ "ಗ್ರಾಫ್‌ರ‍್ಯಾಗ್" ಎಂಬ ವಿಧಾನವನ್ನು ಮೈಕ್ರೋಸಾಫ್ಟ್ ಸಂಶೋಧಕರು 2024ರಲ್ಲಿ ಪ್ರಕಟಿಸಿದರು. ಅನೇಕ ದಾಖಲೆಗಳಲ್ಲಿ ಹರಡಿರುವ ವಿಷಯವನ್ನು ಒಟ್ಟುಗೂಡಿಸಿ ಹೇಳಬೇಕಾದ ಪ್ರಶ್ನೆಗಳಿಗೆ ಇಂತಹ ವಿಧಾನ ಉಪಯುಕ್ತ. ಒಂದೇ ಸಾಲಿನಲ್ಲಿ ಉತ್ತರವಿರುವ ಸರಳ ಪ್ರಶ್ನೆಗಳಿಗೆ ಇಷ್ಟೊಂದು ಶ್ರಮ ಬೇಕಿಲ್ಲ. ಸಾಮಾನ್ಯ ಹುಡುಕಾಟವೇ ಸಾಕು.

ಮಿತಿಗಳು

ಜ್ಞಾನ ಜಾಲವಿದ್ದ ಮಾತ್ರಕ್ಕೆ ಸಲಹೆ ತಪ್ಪಾಗುವುದೇ ಇಲ್ಲ ಎಂದು ಭಾವಿಸಬಾರದು. ಈ ಕೆಳಗಿನ ಮಿತಿಗಳನ್ನು ಅರಿತಿರಬೇಕು.

• ತಪ್ಪು ಕೊಂಡಿ ಒಂದಿದ್ದರೆ ಅದರ ಮೇಲೆ ನಡೆಯುವ ಪ್ರತಿಯೊಂದು ತರ್ಕವೂ ತಪ್ಪುತ್ತದೆ. ಯಂತ್ರವೇ ಬರಹದಿಂದ ಕೊಂಡಿಗಳನ್ನು ಹೆಕ್ಕಿದಾಗ "ನಿರೋಧಕ" ಮತ್ತು "ಸಹಿಷ್ಣು" ಎಂಬ ಎರಡು ಬೇರೆ ಮಾತುಗಳು ಒಂದೇ ಆಗಿಬಿಡಬಹುದು. ಆದ್ದರಿಂದ ವಿಷಯ ತಜ್ಞರ ಪರಿಶೀಲನೆ ಅನಿವಾರ್ಯ.
• ಕೊಂಡಿ ಇಲ್ಲ ಎಂದರೆ ಸಂಬಂಧ ಇಲ್ಲ ಎಂದರ್ಥವಲ್ಲ. ಯಾರೂ ಇನ್ನೂ ಬರೆದಿಲ್ಲ ಎಂದೂ ಇರಬಹುದು. ಒಂದು ಔಷಧಿಗೆ "ನಿಷೇಧಿತ" ಎಂಬ ಕೊಂಡಿ ಇಲ್ಲದ ಮಾತ್ರಕ್ಕೆ ಅದು ನಿಮ್ಮ ಬೆಳೆಗೆ ನೋಂದಣಿಯಾಗಿದೆ ಎಂದು ತಿಳಿಯಬಾರದು.
• ಜಾಲವು ನಿಮ್ಮ ಹೊಲವನ್ನು ನೋಡಿಲ್ಲ. ಎರಿಯೋಫಿಡ್ ನುಸಿಯ ಉದ್ದ ಸುಮಾರು 0.2 ಮಿಲಿಮೀಟರ್, ಅದು ಬರಿಗಣ್ಣಿಗೇ ಕಾಣದು. ಫೋನಿನ ಚಿತ್ರದಲ್ಲಿ ಕಾಣುವುದು ರೋಗದ ಲಕ್ಷಣವೇ ಹೊರತು ನುಸಿಯಲ್ಲ.
• ಪ್ರಶ್ನೆಯನ್ನು ತಪ್ಪಾಗಿ ಅರ್ಥೈಸಿಕೊಂಡು ತಪ್ಪು ಬಿಂದುವಿನಿಂದ ಹೊರಟರೆ, ಮುಂದಿನ ದಾರಿ ಎಷ್ಟೇ ಸರಿಯಿದ್ದರೂ ತಲುಪುವ ಊರು ಬೇರೆಯೇ ಆಗುತ್ತದೆ.
• ಜಾಲವನ್ನು ಕಟ್ಟುವುದಕ್ಕಿಂತ ಕಾಪಾಡಿಕೊಂಡು ಬರುವುದು ಕಷ್ಟ. ಹೊಸ ತಳಿ, ಹೊಸ ಆದೇಶ, ಹೊಸ ಕೀಟ ಬಂದಾಗಲೆಲ್ಲ ಅದನ್ನು ನವೀಕರಿಸದಿದ್ದರೆ ಅದೂ ಒಂದು ಹಳೆಯ ಕರಪತ್ರವಾಗುತ್ತದೆ.

ವಿಸ್ತರಣಾ ಕಾರ್ಯಕರ್ತರು ಮಾಡಬಹುದಾದ ಕೆಲಸ

ಜಾಲದ ತಾಂತ್ರಿಕ ಭಾಗವನ್ನು ಗಣಕ ತಜ್ಞರು ನೋಡಿಕೊಳ್ಳುತ್ತಾರೆ. ಆದರೆ ಅದರೊಳಗಿನ ಕೊಂಡಿಗಳು ಹೊಲದಿಂದಲೇ ಬರಬೇಕು. ಒಂದು ಬೆಳೆ, ಒಂದು ತಾಲ್ಲೂಕು ಎಂಬಷ್ಟು ಚಿಕ್ಕದಾಗಿ ಆರಂಭಿಸುವುದು ಸೂಕ್ತ. ಇದಕ್ಕೆ ವಿಶೇಷ ತಂತ್ರಾಂಶದ ಅಗತ್ಯವಿಲ್ಲ. ನೋಟ್ ಪುಸ್ತಕ ಅಥವಾ ಸಾಮಾನ್ಯ ಕೋಷ್ಟಕ ಸಾಕು.

1. ರೈತರು ನಿಜವಾಗಿ ಕೇಳಿದ ಇಪ್ಪತ್ತು ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ. ಜಾಲ ಸಿದ್ಧವಾದ ಮೇಲೆ ಅದನ್ನು ಪರೀಕ್ಷಿಸುವ ಒರೆಗಲ್ಲು ಇವೇ.
2. ಬೆಳೆ, ರೋಗ, ಕೀಟ, ಕಳೆ, ತಳಿಗಳಿಗೆ ನಿಮ್ಮ ಭಾಗದಲ್ಲಿರುವ ಎಲ್ಲ ಹೆಸರುಗಳನ್ನೂ ಊರಿನ ಸಮೇತ ಸಂಗ್ರಹಿಸಿ.
3. ಒಂದು ಸಾಲಿಗೆ ಒಂದೇ ಸಂಗತಿಯನ್ನು ಬರೆಯಿರಿ. "ಕೂಳೆ ತೊಗರಿ ನುಸಿಗೆ ಆಶ್ರಯ ನೀಡುತ್ತದೆ" ಎಂಬುದು ಒಂದು ಸಂಗತಿ. ಅದರ ಪಕ್ಕದಲ್ಲಿ ಮೂಲ, ವರ್ಷ, ಅನ್ವಯವಾಗುವ ಪ್ರದೇಶವನ್ನು ತಪ್ಪದೆ ನಮೂದಿಸಿ.
4. ಸಂಬಂಧಸೂಚಕ ಮಾತುಗಳನ್ನು ಮೊದಲೇ ನಿಗದಿಪಡಿಸಿಕೊಳ್ಳಿ. ಒಬ್ಬರು "ಹರಡುತ್ತದೆ", ಇನ್ನೊಬ್ಬರು "ತರುತ್ತದೆ", ಮತ್ತೊಬ್ಬರು "ಕಾರಣ" ಎಂದು ಬರೆದರೆ ಜಾಲದಲ್ಲಿ ಒಂದೇ ಸಂಬಂಧ ಮೂರಾಗಿ ಒಡೆಯುತ್ತದೆ.
5. ಹೊಲದಲ್ಲಿ ಕಂಡದ್ದು ಮತ್ತು ಸಂಶೋಧನೆಯಿಂದ ದೃಢಪಟ್ಟದ್ದು ಎರಡನ್ನೂ ಬೇರೆ ಬೇರೆ ಗುರುತಿಸಿ. ಮೊದಲನೆಯದು ವಿಜ್ಞಾನಿಗಳಿಗೆ ಪ್ರಶ್ನೆಯಾಗಿ ಹೋಗಲಿ, ಸಲಹೆಯಾಗಿ ರೈತರಿಗೆ ಹೋಗದಿರಲಿ.
6. ನಿಷೇಧಿತ ಮತ್ತು ನಿರ್ಬಂಧಿತ ಕೀಟನಾಶಕಗಳ ಪಟ್ಟಿಯನ್ನು ಪ್ರತಿ ಹಂಗಾಮಿನ ಆರಂಭದಲ್ಲಿ ಪರಿಶೀಲಿಸಿ ಸಂಬಂಧಿಸಿದ ಕೊಂಡಿಗಳನ್ನು ನವೀಕರಿಸಿ.
7. ರೈತರ ಹೆಸರು, ದೂರವಾಣಿ ಸಂಖ್ಯೆ, ಸರ್ವೆ ನಂಬರ್ ಮುಂತಾದ ವೈಯಕ್ತಿಕ ವಿವರಗಳನ್ನು ಜಾಲಕ್ಕೆ ಸೇರಿಸಬೇಡಿ. ತಾಲ್ಲೂಕು ಅಥವಾ ಹೋಬಳಿಯ ಹೆಸರು ಸಾಕು.

ರೈತ ಬಾಂಧವರು ಗಮನಿಸಬೇಕಾದ ಅಂಶಗಳು

ನೀವು ಬಳಸುವ ಸಲಹಾ ತಂತ್ರಾಂಶದ ಹಿಂದೆ ಜ್ಞಾನ ಜಾಲ ಇದೆಯೋ ಇಲ್ಲವೋ ನಿಮಗೆ ತಿಳಿಯದಿರಬಹುದು. ಆದರೂ ಈ ಕ್ರಮಗಳನ್ನು ಅನುಸರಿಸಿದರೆ ತಪ್ಪು ಸಲಹೆಯಿಂದಾಗುವ ಹಾನಿಯನ್ನು ತಗ್ಗಿಸಬಹುದು.

• ಪ್ರಶ್ನೆ ಕೇಳುವಾಗ ಬೆಳೆ, ತಳಿ, ಊರು, ಬಿತ್ತಿದ ದಿನ, ಮಣ್ಣು, ಹಿಂದಿನ ಬೆಳೆ, ಅಕ್ಕಪಕ್ಕದ ಹೊಲದ ಸ್ಥಿತಿ ಮತ್ತು ಈಗಾಗಲೇ ಸಿಂಪಡಿಸಿರುವ ಔಷಧಿಯನ್ನು ತಿಳಿಸಿ. ಪ್ರತಿಯೊಂದು ವಿವರವೂ ಒಂದು ಕೊಂಡಿಗೆ ದಾರಿ.
• ಬಾಧೆ ಹೊಲದಲ್ಲಿ ಅಲ್ಲಲ್ಲಿ ಇದೆಯೇ, ಬದುವಿನಿಂದ ಒಳಕ್ಕೆ ಹಬ್ಬಿದೆಯೇ, ಎಲ್ಲ ಕಡೆ ಸಮನಾಗಿದೆಯೇ ಎಂಬುದನ್ನು ನೋಡಿ ಹೇಳಿ.
• ಯಂತ್ರವು ಮರುಪ್ರಶ್ನೆ ಹಾಕದೆ ನೇರವಾಗಿ ಔಷಧಿಯ ಹೆಸರು ಹೇಳಿದಲ್ಲಿ, "ಇದೇ ಲಕ್ಷಣಕ್ಕೆ ಬೇರೆ ಕಾರಣಗಳಿವೆಯೇ? ಅವುಗಳನ್ನು ಹೇಗೆ ಗುರುತಿಸಲಿ?" ಎಂದು ನೀವೇ ಕೇಳಿ.
• "ಈ ಸಲಹೆಯ ಮೂಲ ಯಾವುದು? ಯಾವ ವರ್ಷದ್ದು?" ಎಂದು ಕೇಳಿ. ಮೂಲ ತೋರಿಸದ ಸಲಹೆಯನ್ನು ನಂಬಿ ಹಣ ಖರ್ಚು ಮಾಡಬೇಡಿ.
• ಔಷಧಿಯ ಡಬ್ಬಿಯ ಮೇಲಿನ ಚೀಟಿಯಲ್ಲಿ ನಿಮ್ಮ ಬೆಳೆ ಮತ್ತು ಬಾಧೆಯ ಹೆಸರು, ಪ್ರಮಾಣ, ಕೊಯ್ಲಿಗೆ ಮುನ್ನ ಬಿಡಬೇಕಾದ ದಿನಗಳನ್ನು ಓದಿ ಖಚಿತಪಡಿಸಿಕೊಳ್ಳಿ. ಯಂತ್ರದ ಮಾತಿಗೂ ಚೀಟಿಗೂ ವ್ಯತ್ಯಾಸವಿದ್ದರೆ ಸಿಂಪರಣೆ ನಿಲ್ಲಿಸಿ, ತಜ್ಞರನ್ನು ವಿಚಾರಿಸಿ.
• ತೊಗರಿಯಲ್ಲಿ ಗೊಡ್ಡು ರೋಗದ ಲಕ್ಷಣ ಕಂಡ ಗಿಡಗಳನ್ನು ಆರಂಭದಲ್ಲಿಯೇ ಕಿತ್ತು ನಾಶಪಡಿಸಿ. ಹೊಲದ ಬದುವಿನಲ್ಲಿ, ಹಿತ್ತಲಿನಲ್ಲಿ ಕೂಳೆ ಮತ್ತು ಬಹುವಾರ್ಷಿಕ ತೊಗರಿಯನ್ನು ಉಳಿಸಬೇಡಿ. ಒಮ್ಮೆ ಗೊಡ್ಡಾದ ಗಿಡವನ್ನು ಯಾವ ಔಷಧಿಯೂ ಸರಿಪಡಿಸುವುದಿಲ್ಲ. ನುಸಿ ನಿಯಂತ್ರಣ ಉಳಿದ ಗಿಡಗಳ ರಕ್ಷಣೆಗಾಗಿ ಮಾತ್ರ.
• ಸಲಹೆ ಪಾಲಿಸಿದ ನಂತರದ ಫಲಿತಾಂಶವನ್ನು ಒಳಿತಾಗಲಿ, ಕೆಡುಕಾಗಲಿ ನಿಮ್ಮ ಕೃಷಿ ಅಧಿಕಾರಿಗಳಿಗೆ ತಿಳಿಸಿ.

ಯಾವ ಗಿಡ ಎಲ್ಲಿಂದ ರೋಗ ತರುತ್ತದೆ, ಯಾವ ಬೆಳೆಯ ನಂತರ ಯಾವ ಬೆಳೆ ಚೆನ್ನಾಗಿ ಬರುತ್ತದೆ ಎಂಬ ಸಂಬಂಧಗಳ ತಿಳಿವಳಿಕೆ ರೈತ ಸಮುದಾಯಕ್ಕೆ ಹೊಸದಲ್ಲ. ಅದನ್ನು ಮೂಲ ಮತ್ತು ಕಾಲದ ಸಮೇತ ಶಿಸ್ತಿನಿಂದ ದಾಖಲಿಸಿದಲ್ಲಿ ಮಾತ್ರ ಯಂತ್ರವು ಅದರ ಮೇಲೆ ಸರಿಯಾಗಿ ತರ್ಕಿಸಬಲ್ಲದು. ಅಲ್ಲಿಯವರೆಗೂ, ಅದರ ನಂತರವೂ, ಸಿಂಪರಣೆಯ ಅಂತಿಮ ನಿರ್ಧಾರವನ್ನು ಹೊಲವನ್ನು ಕಣ್ಣಾರೆ ಕಂಡವರೇ ಕೈಗೊಳ್ಳಬೇಕು.

ಹೆಚ್ಚಿನ ಮಾಹಿತಿಗಾಗಿ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರ ಅಥವಾ ಸಮೀಪದ ಕೃಷಿ ವಿಜ್ಞಾನ ಕೇಂದ್ರವನ್ನು ರೋಗಪೀಡಿತ ಗಿಡದ ಮಾದರಿಯೊಂದಿಗೆ ಸಂಪರ್ಕಿಸುವುದು. ಕಿಸಾನ್ ಕಾಲ್ ಸೆಂಟರ್‌ನ ಉಚಿತ ಸಹಾಯವಾಣಿ: 1800-180-1551.